ಹಳೆಯ ಗ್ಯಾಸ್ ರ್ಯಾಮ್ ಏರ್ ಗನ್: ಸೋರಿದ ಗ್ಯಾಸ್ ಮತ್ತೆ ತುಂಬಲು ಬರುತ್ತದೆಯೇ?

ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂದ ಹಾಗೆ ಕೊಡಗಿನ ಮನೆಗಳಲ್ಲಿ ಕೋವಿಗಳು ಬೀರುವಿನಿಂದ ಹೊರಗೆ ಬರುತ್ತವೆ. ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ, ಆಮೇಲೆ ಊರೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಏರ್ ಗನ್ ವಿಭಾಗವಿದ್ದರೆ ಗುರಿಗೆ ಕೋಳಿಮೊಟ್ಟೆ ಇಡುವುದೂ ಉಂಟು. ಇದೇ ಹೊತ್ತಿಗೆ ಒಂದು ಪ್ರಶ್ನೆಯೂ ಏಳುತ್ತದೆ: ಮನೆಯಲ್ಲಿ ಹಳೆಯ ಗ್ಯಾಸ್ ರ್ಯಾಮ್ (ಸ್ಪ್ರಿಂಗಿನ ಬದಲು ಮುಚ್ಚಿಟ್ಟ ಗ್ಯಾಸಿನ ಒತ್ತಡದಿಂದ ನಡೆಯುವ ಏರ್ ಗನ್) ಇದೆ, ಅದನ್ನೇ ಇಟ್ಟುಕೊಳ್ಳುವುದೋ, ಹೊಸ ಮಾಡೆಲ್ ತರುವುದೋ?

ತಯಾರಾದ ವರ್ಷ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಮೂವತ್ತು ವರ್ಷ ಹಳೆಯ ಗ್ಯಾಸ್ ರ್ಯಾಮ್ ಇಂದಿನ ಹೊಸ ಕೋವಿಯನ್ನು ಹಿಂದೆ ಹಾಕಬಹುದು. ಎಂಟೇ ವರ್ಷದ ಇನ್ನೊಂದು ಗುಜರಿಗೆ ಸೇರಬಹುದು. ವ್ಯತ್ಯಾಸ ಇರುವುದು ಒಳಗಿನ ಗ್ಯಾಸ್ ಸೋರಿದಾಗ ಅದನ್ನು ಮತ್ತೆ ತುಂಬಲು ಆಗುತ್ತದೆಯೇ ಇಲ್ಲವೇ ಎಂಬುದರಲ್ಲಿ.

ಮಾಮೂಲಿ ಏರ್ ಗನ್‌ನಲ್ಲಿ ಪಿಸ್ಟನ್ನಿನ ಹಿಂದೆ ಉಕ್ಕಿನ ಸುರುಳಿ ಸ್ಪ್ರಿಂಗ್ ಇರುತ್ತದೆ. ನಳಿಗೆ ಮಡಿಸಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ತನ್ನ ಮುಂದಿನ ಗಾಳಿಯನ್ನು ಒತ್ತುತ್ತದೆ, ಆ ಒತ್ತಡಕ್ಕೆ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಹೊರಡುತ್ತದೆ. ಗ್ಯಾಸ್ ರ್ಯಾಮ್‌ನಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಮುಚ್ಚಿದ ಸಿಲಿಂಡರ್ ಇದೆ (ಇದನ್ನೇ ರ್ಯಾಮ್ ಎನ್ನುವುದು), ಅದರೊಳಗೆ ಗಾಳಿ ಅಥವಾ ನೈಟ್ರೋಜನ್. ಈ ಗ್ಯಾಸ್ ನಳಿಗೆಯಿಂದ ಹೊರಗೆ ಹೋಗುವುದಿಲ್ಲ. ಕುಗ್ಗುತ್ತದೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ, ಅಷ್ಟೇ. ಸುರುಳಿ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಕೋವಿಯನ್ನು ಸ್ವಲ್ಪ ತಿರುಚುತ್ತದೆ, ಝೇಂಕರಿಸುತ್ತದೆ, ವರ್ಷಗಳ ಮೇಲೆ ಸೋಲುತ್ತದೆ. ಗ್ಯಾಸ್‌ಗೆ ಈ ಮೂರೂ ಇಲ್ಲ. ಬದಲಿಗೆ ಅದರ ಏಟು ಚುರುಕು ಮತ್ತು ಒರಟು. ನಳಿಗೆ ಮಡಿಸುವಾಗಲೂ ಸ್ಪ್ರಿಂಗಿನ ಹಾಗೆ ಮೊದಲು ಹಗುರವಾಗಿ ಬಂದು ಆಮೇಲೆ ಬಿಗಿಯಾಗುವುದಿಲ್ಲ, ಮೊದಲ ಅಂಗುಲದಿಂದಲೇ ಭಾರ ಕೈಗೆ ಬರುತ್ತದೆ.

ಇದನ್ನು ಮೊದಲು ಗಟ್ಟಿಯಾಗಿ ಮಾರುಕಟ್ಟೆಗೆ ತಂದವರು ಇಂಗ್ಲೆಂಡಿನ ಡೇವ್ ಥಿಯೋಬಾಲ್ಡ್ ಮತ್ತು ಬೆನ್ ಟೇಲರ್. 1980ರ ದಶಕದ ಆರಂಭದಲ್ಲಿ ಅವರ ಥಿಯೋಬೆನ್ ಕಂಪನಿಯ ಸಿರೊಕೋ ಬಂತು. ಅದೇ ವಿನ್ಯಾಸವನ್ನು ಪರವಾನಗಿ ಪಡೆದು ಜರ್ಮನಿಯ ವೈರೌಖ್ ಕಂಪನಿ ಎಚ್‌ಡಬ್ಲ್ಯು 90 ಮಾಡಿತು. ಅಮೆರಿಕದಲ್ಲಿ ಅದು ಬೀಮನ್ ಆರ್‌ಎಕ್ಸ್ ಹೆಸರಿನಲ್ಲಿ ಮಾರಾಟವಾಯಿತು. ಈ ಪೀಳಿಗೆಯ ಕೋವಿಗಳಲ್ಲಿ ಟೊಳ್ಳಾದ ಪಿಸ್ಟನ್ನೇ ಗ್ಯಾಸಿನ ಸಿಲಿಂಡರ್. ಒಳಗಿನ ಒತ್ತಡ ಸುಮಾರು 20ರಿಂದ 25 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸುತ್ತಲಿನ ಗಾಳಿಯ ಒತ್ತಡದಷ್ಟು). ಹಿಂಬದಿಯಲ್ಲಿ ಕವಾಟವಿದೆ, ಅಡಾಪ್ಟರ್ ಸಿಕ್ಕಿಸಿ ಕೈಪಂಪಿನಿಂದ ಒತ್ತಡ ಏರಿಸಬಹುದು, ಬೇಕಾದರೆ ಇಳಿಸಬಹುದು.

2010ರ ಆಸುಪಾಸಿನಿಂದ ಅಂಗಡಿ ತುಂಬಿದ್ದು ಬೇರೆ ಬಗೆಯದು. ಕ್ರಾಸ್‌ಮನ್‌ನ ನೈಟ್ರೋ ಪಿಸ್ಟನ್, ಗಾಮೋದ ಐಜಿಟಿ, ಹತ್ಸಾನ್‌ನ ವೋರ್ಟೆಕ್ಸ್, ಡಯಾನಾದ ಎನ್-ಟೆಕ್ ಎಲ್ಲವೂ ಈ ಗುಂಪಿನವು. ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುತ್ತದಲ್ಲ, ಅಂಥದೇ ಒಂದು ಮೊಹರಾದ ಕೊಳವೆಯನ್ನು ಸ್ಪ್ರಿಂಗಿನ ಜಾಗದಲ್ಲಿ ಇಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಎರಡರ ಸ್ವಭಾವ ಬಿಡಿಸಿಕೊಳ್ಳುತ್ತದೆ. 24 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ 20 ಬಾರ್ ಇದ್ದರೆ ತಳ್ಳುವ ಬಲ ಸುಮಾರು 900 ನ್ಯೂಟನ್, ಅಂದರೆ 92 ಕೆ.ಜಿ. ಭಾರದಷ್ಟು. ಅದೇ ಬಲವನ್ನು 10 ಮಿ.ಮೀ. ದಪ್ಪದ ದಂಡದಿಂದ ಪಡೆಯಬೇಕಾದರೆ ಒಳಗೆ 115 ಬಾರ್ ಬೇಕು. ಕೆಲಸ ಒಂದೇ, ಆದರೆ ಒಂದನ್ನು ಕೈಪಂಪಿನಿಂದ ತುಂಬಬಹುದು, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರಿನ ಬಳೆ) ಬದಲಿಸಿ ಮತ್ತೆ ನಿಲ್ಲಿಸಬಹುದು. ಇನ್ನೊಂದು ಕಾರ್ಖಾನೆಯಲ್ಲಿ ಮುಚ್ಚಿ ಬಂದದ್ದು. ಸೋರಿದರೆ ಇಡೀ ಕೊಳವೆಯನ್ನೇ ಬದಲಿಸಬೇಕು. ಅದನ್ನು ಕೊರೆಯುವುದು, ಕತ್ತರಿಸುವುದು, ವೆಲ್ಡಿಂಗ್ ಹಿಡಿಯುವುದು ಜೀವಕ್ಕೆ ಅಪಾಯ. ಒಳಗೆ ಗ್ಯಾಸ್ ಉಳಿದಿಲ್ಲ ಎಂದು ಕಂಡರೂ ಉಳಿದಿರಬಹುದು.

ಹಾಗಾಗಿ "ಹಳೆಯದು" ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಬಾರದು. ಹಳೆಯ ಎಚ್‌ಡಬ್ಲ್ಯು 90 ಇದ್ದರೆ ಅದು ರಿಪೇರಿಗೆ ಬಗ್ಗುವ ಯಂತ್ರ. 2011ರದ್ದೊಂದು ಮೊಹರಾದ ಕೊಳವೆಯ ಕೋವಿ, ಆ ಕೊಳವೆ ಸಿಗುವ ತನಕ ಮಾತ್ರ ಕೋವಿ. ಹೊಸತನವೇ ಬಿಡಿಭಾಗದ ಖಾತರಿ ಎಂದುಕೊಳ್ಳಲೂ ಆಗುವುದಿಲ್ಲ. ಸಿಗ್ ಸಾವರ್ ಕಂಪನಿ 2018ರಲ್ಲಿ ಎಎಸ್‌ಪಿ 20 ಎಂಬ ಗ್ಯಾಸ್ ಪಿಸ್ಟನ್ ರೈಫಲ್ ತಂದಿತು. ಒಳ್ಳೆಯ ಟ್ರಿಗರ್, ಬೆಣೆಯ ಹಾಗೆ ಬಿಗಿಯಾಗಿ ಕೂರುವ ನಳಿಗೆಯ ಬುಡ, ಈ ಬಗೆಯಲ್ಲಿ ಬಂದ ಅತ್ಯುತ್ತಮ ಕೋವಿಗಳಲ್ಲಿ ಅದೊಂದು. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಥಿಯೋಬೆನ್ ಕಂಪನಿಯೂ ಈಗ ಇಲ್ಲ. ಆದರೆ ಅದರ ಸಿಲಿಂಡರ್ ಗಾಳಿ ಹಿಡಿಯುವುದು ಅಳತೆಯ ಓ-ರಿಂಗ್‌ಗಳ ಮೇಲೆ. ಓ-ರಿಂಗ್ ಮಾಡುವವರಿಗೆ ಕೋವಿ ಕಂಪನಿ ಬದುಕಿದೆಯೇ ಇಲ್ಲವೇ ಎಂಬುದು ಸಂಬಂಧವಿಲ್ಲ.

ಹೊಸ ಮಾಡೆಲ್‌ಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ವೇಗ. ಸೆಕೆಂಡಿಗೆ 1,200 ಅಡಿ, 1,300 ಅಡಿ ಎಂದು ಬರೆದಿರುತ್ತಾರೆ. ಅದು ಹಗುರ ಮಿಶ್ರಲೋಹದ ಪೆಲೆಟ್ ಹಾಕಿ ಅಳೆದ ಸಂಖ್ಯೆ. ನಮ್ಮಲ್ಲಿ ಕಾನೂನೇ ಆ ಸಂಖ್ಯೆಯನ್ನು ಅರ್ಥವಿಲ್ಲದ್ದನ್ನಾಗಿ ಮಾಡುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ಗನ್‌ಗೆ ಎರಡು ಮಿತಿ: ನಳಿಗೆಯ ರಂಧ್ರ .177 ಅಂಗುಲ, ಅಂದರೆ 4.5 ಮಿ.ಮೀ. ಮೀರಬಾರದು, ನಳಿಗೆಯ ಬಾಯಲ್ಲಿ ಶಕ್ತಿ 20 ಜೂಲ್ ಮೀರಬಾರದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿ ಇರುವ, 2029ರ ತನಕ ವಿಸ್ತರಣೆಯಾಗಿರುವ ವಿನಾಯಿತಿಯನ್ನು ಹಿಡಿದು ".22 ಏರ್ ಗನ್ ಕೂಡ ಹಾಗೇ ತರಬಹುದು" ಎಂದು ತಾವೇ ತೀರ್ಮಾನಿಸಿಕೊಳ್ಳಬಾರದು. ವಿನಾಯಿತಿ ಪತ್ರದಲ್ಲಿ ಏನು ಬರೆದಿದೆ ಎಂದು ಓದಿ, ಜಿಲ್ಲಾಡಳಿತದಲ್ಲಿ ಕೇಳಿ, ಆಮೇಲೆ ಹಣ ಕೊಡಬೇಕು.

ಈಗ 20 ಜೂಲ್ ಅಂದರೆ ಎಷ್ಟು ವೇಗ ಎಂದು ನೋಡೋಣ. ಒಳ್ಳೆಯ ಸೀಸದ ಪೆಲೆಟ್‌ನ ತೂಕ 8.4 ಗ್ರೇನ್, ಅಂದರೆ ಸುಮಾರು 0.55 ಗ್ರಾಂ. ಅದು ಸೆಕೆಂಡಿಗೆ 250 ಮೀಟರ್ ಹೋದರೆ 17 ಜೂಲ್. 270 ಮೀಟರ್ ಹೋದರೆ ಮಿತಿಯ ಅಂಚು. 275 ದಾಟಿದರೆ ಮಿತಿ ಮೀರಿದ ಹಾಗೆ. ನಡುವೆ ಸೊಂಟ ಸಣ್ಣಗಿರುವ ಪೆಲೆಟ್ ಶಬ್ದದ ವೇಗದ ಹತ್ತಿರ ಹೋದಾಗ ಓಲಾಡಿ ಗುರಿ ಕೆಡಿಸುತ್ತದೆ. ಅದಕ್ಕೆ ನೆಮ್ಮದಿಯ ವೇಗ 230ರಿಂದ 270 ಮೀಟರ್. ಇಂಗ್ಲೆಂಡಿನಲ್ಲಿ ಪರವಾನಗಿ ಇಲ್ಲದ ರೈಫಲ್‌ಗೆ ಮಿತಿ ಇನ್ನೂ ಕಡಿಮೆ, 12 ಅಡಿ-ಪೌಂಡ್, ಅಂದರೆ 16.3 ಜೂಲ್. ಹಳೆಯ ಥಿಯೋಬೆನ್‌ಗಳು ಹೆಚ್ಚಾಗಿ ಆ ಮಿತಿಯ ಒಳಗಿನವೇ. ಒತ್ತಡ ಇಳಿಸಲು ಬರುವ ಕೋವಿಯ ನಿಜವಾದ ಲಾಭವೂ ಇಲ್ಲೇ ಇದೆ. ಒಂದೆರಡು ಬಾರ್ ಇಳಿಸಿ 15-16 ಜೂಲ್‌ಗೆ ತಂದರೆ ಮಡಿಸುವ ಭಾರ ಇಳಿಯುತ್ತದೆ, ಒದೆತ ಸೌಮ್ಯವಾಗುತ್ತದೆ, ಗುಂಪು (ಗುರಿಯ ಮೇಲೆ ಹೊಡೆತಗಳು ಬಿದ್ದ ಹರವು) ಬಿಗಿಯಾಗುತ್ತದೆ. ಮೊಹರಾದ ಕೊಳವೆಯಲ್ಲಿ ಕಾರ್ಖಾನೆ ಎಷ್ಟು ಕೊಟ್ಟಿತೋ ಅಷ್ಟೇ.

ಇನ್ನು ಮಡಿಕೇರಿಯ ಹವೆ. ಗ್ಯಾಸಿನ ಒತ್ತಡ ಉಷ್ಣತೆಯ ಜೊತೆ ಏರಿಳಿಯುತ್ತದೆ, ಹಳೆಯದಾದರೂ ಹೊಸದಾದರೂ. ಮಧ್ಯಾಹ್ನ 28 ಡಿಗ್ರಿಯಲ್ಲಿ ಸರಿಹೊಂದಿಸಿದ ಕೋವಿಯನ್ನು ಡಿಸೆಂಬರ್ ಬೆಳಿಗ್ಗೆ 12 ಡಿಗ್ರಿಯಲ್ಲಿ ಹಿಡಿದರೆ ಒತ್ತಡ ಶೇ. 5ಕ್ಕಿಂತ ಸ್ವಲ್ಪ ಹೆಚ್ಚೇ ಇಳಿದಿರುತ್ತದೆ. ಶಕ್ತಿ ಅದೇ ಪ್ರಮಾಣದಲ್ಲಿ ಇಳಿದರೆ 250 ಮೀಟರ್ ವೇಗದಲ್ಲಿ ಸುಮಾರು 7 ಮೀಟರ್ ಕಡಿಮೆ. ಹತ್ತಿರದ ಮೊಟ್ಟೆಗೆ ಇದು ಏನೂ ಅಲ್ಲ, ದೂರದ ಸಣ್ಣ ಗುರಿಗೆ ಲೆಕ್ಕಕ್ಕೆ ಬರುತ್ತದೆ. ಎತ್ತರದ ಪರಿಣಾಮ ಇನ್ನೊಂದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 12 ಕಡಿಮೆ. ರ್ಯಾಮ್‌ನೊಳಗಿನ ಗ್ಯಾಸ್‌ಗೆ ಇದು ತಾಗುವುದಿಲ್ಲ. ಆದರೆ ಪಿಸ್ಟನ್ನಿನ ಮುಂದೆ ಇರುವ ಗಾಳಿಯೇ ಕಡಿಮೆಯಾಗುತ್ತದೆ. ಆ ಗಾಳಿ ಪೆಲೆಟ್ಟನ್ನು ತಳ್ಳುವುದಷ್ಟೇ ಅಲ್ಲ, ಓಡಿಬರುವ ಪಿಸ್ಟನ್ನಿಗೆ ಕೊನೆಯಲ್ಲಿ ಮೆತ್ತೆಯೂ ಆಗುತ್ತದೆ. ಮೆತ್ತೆ ತೆಳುವಾದರೆ ಪಿಸ್ಟನ್ ಜೋರಾಗಿ ಬಡಿಯುತ್ತದೆ. ಗರಿಷ್ಠ ಒತ್ತಡ ತುಂಬಿದ ಕೋವಿ ಇಲ್ಲಿ ಒರಟೆನಿಸುವುದಕ್ಕೂ ಪಿಸ್ಟನ್ ಸೀಲ್ ಬೇಗ ಸವೆಯುವುದಕ್ಕೂ ಇದೂ ಒಂದು ಕಾರಣ. ಅತಿ ಹಗುರ ಪೆಲೆಟ್ ಹಾಕಿದರೆ ಇದೇ ಕೇಡು ಇನ್ನಷ್ಟು.

ಹಳೆಯದನ್ನು ಪರೀಕ್ಷಿಸುವ ಕೆಲಸಕ್ಕೆ ಪೆಲೆಟ್ಟಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್, ಒಂದು ತೂಗುಹಾಕುವ ಲಗೇಜ್ ತಕ್ಕಡಿ ಇದ್ದರೆ ಸಾಕು. ಪೆಲೆಟ್ ಹಾಕದೆ, ಕೋವಿಯ ಹಿಡಿಯನ್ನು ತೊಡೆಗೆ ಒತ್ತಿ, ನಳಿಗೆಯ ತುದಿಗೆ ಅಗಲ ಪಟ್ಟಿಯಿಂದ ತಕ್ಕಡಿ ಕಟ್ಟಿ ನಿಧಾನವಾಗಿ ಎಳೆಯಿರಿ. ಮಡಿಸಲು ಗರಿಷ್ಠ ಎಷ್ಟು ಕೆ.ಜಿ. ಬೇಕಾಯಿತು ಎಂದು ಬರೆದಿಡಿ. ಈ ಬಗೆಯ ಹಲವು ರೈಫಲ್‌ಗಳಲ್ಲಿ ಅದು 15ರಿಂದ 20 ಕೆ.ಜಿ. ಆಮೇಲೆ ಒಂದೇ ಡಬ್ಬಿಯ ಪೆಲೆಟ್‌ಗಳಿಂದ ಹತ್ತು ಹೊಡೆದು ವೇಗ ಬರೆದುಕೊಳ್ಳಿ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ರೋಗ ಎಲ್ಲಿದೆ ಎಂದು ಕಾಣುತ್ತದೆ. ಮಡಿಸುವ ಭಾರವೂ ಇಳಿದಿದೆ, ವೇಗವೂ ಇಳಿದಿದೆ ಎಂದರೆ ಗ್ಯಾಸ್ ಸೋರಿದೆ. ಭಾರ ಹಾಗೇ ಇದೆ, ವೇಗ ಮಾತ್ರ ಇಳಿದಿದೆ ಎಂದರೆ ರ್ಯಾಮ್ ಸರಿಯಾಗಿದೆ. ತಪ್ಪು ಪಿಸ್ಟನ್ ಸೀಲಿನದ್ದು ಅಥವಾ ನಳಿಗೆಯ ಬುಡದ ಸೀಲಿನದ್ದು. ಇದನ್ನು ನೋಡದೆ "ಗ್ಯಾಸ್ ಹೋಯಿತು" ಎಂದು ಒಳ್ಳೆಯ ಕೋವಿಗಳನ್ನು ಅರ್ಧ ಬೆಲೆಗೆ ಕೊಟ್ಟುಬಿಡುವವರಿದ್ದಾರೆ.

ಬುಡದ ಸೀಲ್ ನೋಡಲು ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ನಳಿಗೆ ಮಡಿಯುವ ಸಂದಿಯ ಮೇಲೆ ಇಟ್ಟು ಪೆಲೆಟ್ ಹಾಕಿ ಹೊಡೆಯಬೇಕು. ಕಾಗದ ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ. ಅದು ಕೆಲವೇ ರೂಪಾಯಿಯ ಓ-ರಿಂಗ್, ಸೂಜಿಯಿಂದ ಎಬ್ಬಿಸಿ ಹೊಸದು ಕೂರಿಸಿದರೆ ಮುಗಿಯಿತು. ಹೊಸ ಓ-ರಿಂಗ್ ಹಾಕಿದ ಮೇಲೂ ಸೋರಿದರೆ ಅದರ ಅಡಿಗೆ ತೆಳುವಾದ ವಾಷರ್ ಇಟ್ಟು ಸ್ವಲ್ಪ ಎತ್ತರಿಸಬೇಕಾಗುತ್ತದೆ. ಪಿಸ್ಟನ್ ಸೀಲ್ ಬದಲಿಸುವುದು ಹೀಗೆ ಸಲೀಸಲ್ಲ, ಕೋವಿ ಪೂರ್ತಿ ಬಿಚ್ಚಬೇಕು. ಥಿಯೋಬೆನ್ ಬಗೆಯದಾದರೆ ಮೊದಲು ಗ್ಯಾಸನ್ನು ಪೂರ್ತಿ ಹೊರಗೆ ಬಿಡಬೇಕು. ಮೊಹರಾದ ಕೊಳವೆಯದಾದರೆ ಹಿಂಬದಿಯ ಪಿನ್ನಿನ ಮೇಲೆ ಇನ್ನೂ ಒತ್ತಡ ಕೂತಿರಬಹುದು, ಕೊಳವೆಯನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಚೌಕಟ್ಟಿನಲ್ಲಿ ಹಿಡಿಯದೆ ಪಿನ್ ಹೊಡೆಯಬಾರದು.

ವೇಗದ ಸಂಖ್ಯೆಗಳಲ್ಲಿ ಇನ್ನೂ ಒಂದು ಮಾತು ಅಡಗಿದೆ. ಹತ್ತು ಹೊಡೆತಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರ ಸೆಕೆಂಡಿಗೆ 5 ಮೀಟರ್ ಒಳಗಿದ್ದರೆ ಕೋವಿ ಆರೋಗ್ಯವಾಗಿದೆ. 10 ಮೀಟರ್ ದಾಟಿದರೆ ಸೀಲ್, ಎಣ್ಣೆ ಅಥವಾ ಪೆಲೆಟ್ ಮೂರರಲ್ಲಿ ಒಂದು ಕೆಟ್ಟಿದೆ. ಸರಾಸರಿ ಕಡಿಮೆಯಿದ್ದೂ ಅಂತರ ಚಿಕ್ಕದಿರುವ ಹಳೆಯ ಕೋವಿಯೇ ಸ್ಪರ್ಧೆಗೆ ಒಳ್ಳೆಯದು.

ನಳಿಗೆಯ ಕೀಲನ್ನೂ ನೋಡಬೇಕು. ಮಡಿಸಿ ಪೂರ್ತಿ ಕಾಕ್ ಮಾಡಿದ ಮೇಲೆ, ನಳಿಗೆಯನ್ನು ಕೈಯಿಂದ ಬಿಡದೆ, ಅದು ಪಕ್ಕಕ್ಕೆ ಅಲ್ಲಾಡುತ್ತದೆಯೇ ನೋಡಿ. ತನ್ನ ಭಾರಕ್ಕೆ ತಾನೇ ಜೋತು ಬೀಳುವ ನಳಿಗೆ ಎಂದರೆ ಕೀಲಿನ ಬೋಲ್ಟ್ ಸಡಿಲ. ನಳಿಗೆಯ ಬಾಯಿಯ ಅಂಚಿನಲ್ಲಿ ಹತ್ತಿಯ ಕಡ್ಡಿ ಸುತ್ತಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಂಚು ಜಖಂ ಆಗಿದೆ, ಯಾವ ರ್ಯಾಮ್ ಹಾಕಿದರೂ ಗುಂಪು ಬರುವುದಿಲ್ಲ. ಈ ಪರೀಕ್ಷೆಗಳ ಮಧ್ಯೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಬಾರದು. ಮುಂದೆ ತಡೆಯಿಲ್ಲದ ಪಿಸ್ಟನ್ ಲೋಹಕ್ಕೆ ಲೋಹ ಬಡಿದು ಸೀಲನ್ನು ಜಜ್ಜುತ್ತದೆ. ಹಾಗೆಯೇ ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆಯ ಮೇಲಿಂದ ಕದಲಬಾರದು. ಪಿಸ್ಟನ್ ಹಿಡಿದಿಡುವ ಕೊಕ್ಕೆ, ಅಂದರೆ ಸಿಯರ್, ಸವೆದು ಜಾರಿದರೆ ನಳಿಗೆ ಮೇಲಕ್ಕೆ ಹಾರಿ ಬೆರಳು ತುಂಡಾಗುತ್ತದೆ.

ಗ್ಯಾಸ್ ತುಂಬುವಾಗ ಕೊಡಗಿನಲ್ಲಿ ಒಂದು ವಿಶೇಷ ಎಚ್ಚರ ಬೇಕು. ಜುಲೈ ತಿಂಗಳ ಗಾಳಿಯನ್ನು ಕೈಪಂಪಿನಿಂದ ಒಳಗೆ ತಳ್ಳಿದರೆ ಅದರ ತೇವವೂ ಒಳಗೆ ಹೋಗಿ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಗೀರಿನ ಮೇಲೆ ಯಾವ ಓ-ರಿಂಗೂ ನಿಲ್ಲುವುದಿಲ್ಲ. ಒಣ ನೈಟ್ರೋಜನ್ ಸಿಕ್ಕರೆ ಅದೇ ಸರಿ. ಇಲ್ಲವಾದರೆ ಜನವರಿ-ಫೆಬ್ರವರಿಯ ಒಣ ದಿನ ನೋಡಿ ತುಂಬಬೇಕು. ಪಂಪ್ ಸಿಕ್ಕಿಸಿದಾಗಲೆಲ್ಲ ಅದರ ಕೊಳವೆಗೆ ಸ್ವಲ್ಪ ಗ್ಯಾಸ್ ಹೋಗುತ್ತದೆ. ಒತ್ತಡ ಎಷ್ಟಿದೆ ಎಂದು ಪದೇಪದೇ ಪಂಪ್ ಹಚ್ಚಿ ನೋಡುವುದರಿಂದಲೇ ಒತ್ತಡ ಇಳಿಯುತ್ತದೆ. ಅದನ್ನು ಸೋರಿಕೆ ಎಂದು ತಪ್ಪು ತಿಳಿಯುವವರು ಬಹಳ. ಒಂದೊಂದೇ ಬಾರ್ ಏರಿಸಿ, ಪ್ರತಿ ಸಲ ಕ್ರೋನೋಗ್ರಾಫಿನಲ್ಲಿ ನೋಡಿ, 20 ಜೂಲ್‌ಗೆ ಸಾಕಷ್ಟು ಕೆಳಗೇ ನಿಲ್ಲಿಸಬೇಕು.

ಹಬ್ಬಕ್ಕೆ ಮುಂಚೆ ಕೋವಿ ತೊಳೆದು, ಒರೆಸಿ, ಎಣ್ಣೆ ಹಾಕುವುದು ಪದ್ಧತಿ. ತೋಟಾಕೋವಿಗೆ ಒಪ್ಪುವ ಆ ಉಪಚಾರವೇ ಏರ್ ಗನ್‌ಗೆ ಕಂಟಕ. ಪಿಸ್ಟನ್ನಿನ ಮುಂದಿನ ಕೋಣೆಗೆ ಗನ್ ಆಯಿಲ್ ಆಗಲಿ ತೆಂಗಿನೆಣ್ಣೆಯಾಗಲಿ ಇಳಿದರೆ, ಹೊಡೆದಾಗ ಒತ್ತಿದ ಗಾಳಿಯ ಕಾವಿಗೆ ಅದು ಹೊತ್ತಿಕೊಳ್ಳುತ್ತದೆ. ಜೋರು ಶಬ್ದ, ನಳಿಗೆಯಿಂದ ಹೊಗೆ, ಸುಟ್ಟ ವಾಸನೆ. ಕೋವಿಗೆ ಬಲ ಬಂತೆಂದು ಸಂತೋಷಪಡುವ ಹೊತ್ತಲ್ಲ ಅದು. ಸೀಲ್ ಸುಡುತ್ತಿದೆ, ವೇಗ ಒಂದೊಂದು ಹೊಡೆತಕ್ಕೆ ಒಂದೊಂದು. ಹೊರಮೈಗೆ ತೆಳುವಾಗಿ ಎಣ್ಣೆ ಬಟ್ಟೆ ಒರೆಸಿ, ಕೀಲಿಗೆ ಮತ್ತು ಕಾಕಿಂಗ್ ಕೊಂಡಿಗೆ ಮಾಲಿಬ್ಡಿನಮ್ ಗ್ರೀಸ್ ಚೂರು ಹಚ್ಚಿ, ಅಷ್ಟು ಸಾಕು. ನಳಿಗೆಯ ಒಳಗೆ ತುಕ್ಕು ತಡೆಯಲು ಎಣ್ಣೆ ಹಾಕಿಟ್ಟಿದ್ದರೆ ಹೊಡೆಯುವ ಮೊದಲು ಒಣ ಬಟ್ಟೆಯ ತುಂಡನ್ನು ಬುಡದಿಂದ ಬಾಯಿಯ ಕಡೆಗೆ ಎಳೆದು ಒಣಗಿಸಬೇಕು.

ಮಳೆಗಾಲ ಮರದ ಹಿಡಿಯನ್ನು ಉಬ್ಬಿಸುತ್ತದೆ, ಬೇಸಗೆ ಕುಗ್ಗಿಸುತ್ತದೆ. ಹಿಡಿಯ ತಿರುಪುಗಳು ಸಡಿಲಾಗುವುದು ಹೀಗೆ. ಗ್ಯಾಸ್ ರ್ಯಾಮ್‌ನ ಒದೆತ ಅದಕ್ಕೆ ಜೊತೆ ಸೇರುತ್ತದೆ. ನಿನ್ನೆ ಬಿಗಿಯಾಗಿದ್ದ ಗುಂಪು ಇವತ್ತು ಚದುರಿದರೆ ಸ್ಕೋಪ್ ಬೈಯುವ ಮೊದಲು ಈ ತಿರುಪುಗಳನ್ನು ನೋಡಿ. ಈ ವಿಷಯದಲ್ಲಿ ಹೊಸ ಕೋವಿಗಳ ಸಿಂಥೆಟಿಕ್ ಹಿಡಿ ನಿಜಕ್ಕೂ ಮೇಲು. ಕೋವಿಯನ್ನು ಚರ್ಮದ ಚೀಲದಲ್ಲಿ, ಫೋಮ್ ಪೆಟ್ಟಿಗೆಯಲ್ಲಿ ಮಳೆಗಾಲ ಇಡೀ ಮುಚ್ಚಿಡಬಾರದು. ಎರಡೂ ತೇವ ಹಿಡಿದುಕೊಂಡು ಉಕ್ಕಿಗೆ ತುಕ್ಕನ್ನೂ ಸ್ಕೋಪ್ ಗಾಜಿಗೆ ಬೂಷ್ಟನ್ನೂ ತರುತ್ತವೆ. ಸೀಸದ ಪೆಲೆಟ್ ಕೂಡ ತೇವಕ್ಕೆ ಬಿಳಿಪುಡಿ ಹಿಡಿಯುತ್ತದೆ. ಅಂಥವನ್ನು ಬಳಸದೆ ಬಿಡುವುದೇ ಸರಿ. ಪೆಲೆಟ್ ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬಾರದು.

ಹೊಸದರಲ್ಲಿ ನಿಜವಾಗಿ ಸುಧಾರಿಸಿದ್ದು ಯಾವುದು? ಸ್ಕೋಪ್ ಕೂರಿಸುವ ಜಾಗ, ಮೊದಲು. ಹಳೆಯವಕ್ಕೆ 11 ಮಿ.ಮೀ. ತೋಡು ಮಾತ್ರ, ಒದೆತಕ್ಕೆ ಮೌಂಟ್ ಹಿಂದಕ್ಕೆ ಜಾರುತ್ತದೆ. ತಡೆಪಿನ್ ಇರುವ ಒಂದೇ ತುಂಡಿನ ಮೌಂಟ್ ಹಾಕಿದರೆ ಆ ತೊಂದರೆ ನಿಲ್ಲುತ್ತದೆ. ಹೊಸವುಗಳ ಅಡ್ಡ ತೋಡುಗಳ ರೈಲಿನಲ್ಲಿ ಮೌಂಟ್ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಸ್ಕೋಪ್ ಮಾತ್ರ ಏರ್ ಗನ್‌ಗೆಂದೇ ಮಾಡಿದ್ದಿರಬೇಕು. ಈ ಕೋವಿ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ದೊಡ್ಡ ರೈಫಲ್ಲಿನ ಗಟ್ಟಿ ಸ್ಕೋಪ್‌ಗಳೂ ಒಳಗೆ ಮುರಿಯುತ್ತವೆ, ಜೊತೆಗೆ ಅವು 100 ಗಜಕ್ಕೆ ಹೊಂದಿಸಿರುವುದರಿಂದ ಹತ್ತಿರದ ಗುರಿ ಮಸುಕು. ಹತ್ತು ಗುಂಡಿನ ಮ್ಯಾಗಜಿನ್ ಇರುವ ಹೊಸ ಗಾಮೋಗಳು ಬಂದಿವೆ, ಚಳಿಯಲ್ಲಿ ಪೆಲೆಟ್ ಹಿಡಿದು ತಡವರಿಸುವುದು ತಪ್ಪುತ್ತದೆ. ಆದರೆ ಪೆಲೆಟ್ಟಿನ ಅಂಚು ನೆಟ್ಟಗೆ ಕೂತಿತೇ ಎಂದು ಬೆರಳಿಗೆ ತಿಳಿಯುವುದಿಲ್ಲ. ಸ್ಪರ್ಧೆಗೆ ಒಂದೊಂದೇ ಕೈಯಿಂದ ಕೂರಿಸುವುದು ಮೇಲು. ಟ್ರಿಗರ್‌ಗಳ ವಿಷಯದಲ್ಲಿ ಹೊಸದು ಹಳೆಯದೆಂಬ ಗೆರೆ ಎಳೆಯಲು ಬರುವುದಿಲ್ಲ. 2010ರ ಸುಮಾರಿನ ಅಗ್ಗದ ನೈಟ್ರೋ ಪಿಸ್ಟನ್‌ಗಳ ಟ್ರಿಗರ್ ಉದ್ದ ಮತ್ತು ಭಾರ, ಅವಕ್ಕಿಂತ ಇಂದಿನವು ಬಹಳ ಮೇಲು. ಎಚ್‌ಡಬ್ಲ್ಯು 90ರ ಎಲೀಟ್ ಟ್ರಿಗರ್ ಮಾತ್ರ ಇಂದಿನ ಬಹುಪಾಲು ಕೋವಿಗಳಿಗೆ ಸರಿಸಾಟಿ.

ಕೋಳಿಮೊಟ್ಟೆಯ ಅಡ್ಡಳತೆ ಸುಮಾರು 4 ಸೆಂ.ಮೀ. ಸ್ಪರ್ಧೆಯ ದೂರದಲ್ಲಿ 2 ಸೆಂ.ಮೀ. ಗುಂಪು ಕೊಡುವ ಕೋವಿ ಇದ್ದರೆ ಉಳಿದದ್ದು ಹೊಡೆಯುವವರ ಕೈಯದ್ದು. ಗ್ಯಾಸ್ ರ್ಯಾಮ್ ಹಿಡಿಯುವ ಬಗೆ ತೋಟಾಕೋವಿಯದ್ದಲ್ಲ. ಮುಂದಿನ ಕೈಯ ಅಂಗೈಯನ್ನು ತೆರೆದಿಟ್ಟು ಅದರ ಮೇಲೆ ಕೋವಿ ಸುಮ್ಮನೆ ಕೂರಬೇಕು, ಹೆಗಲಿಗೆ ಮೆಲ್ಲಗೆ ತಾಗಬೇಕು, ಬಲಗೈ ಹಿಂಡಬಾರದು. ಬಿಗಿಯಾಗಿ ಹಿಡಿದಷ್ಟೂ ಪೆಲೆಟ್ ನಳಿಗೆ ಬಿಡುವ ಮೊದಲಿನ ಅದುರುವಿಕೆ ಪ್ರತಿ ಸಲ ಬೇರೆಯಾಗಿ ಗುಂಪು ಒಡೆಯುತ್ತದೆ. ಗುರಿಯ ಹಿಂದೆ ಮಣ್ಣಿನ ಬರೆ ಇರಲೇಬೇಕು. ತೋಟದಲ್ಲಿ ಗಿಡದ ಮರೆಯಲ್ಲಿ ಕೆಲಸದವರು ಇರುತ್ತಾರೆ. ಹಕ್ಕಿ, ಕೆಂಜಳಿಲು, ಕೋತಿಗಳ ಕಡೆಗೆ ಈ ಕೋವಿ ತಿರುಗಿಸುವ ಮಾತೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಕೊನೆಗೆ ಆಯ್ಕೆಯ ಮಾತು. ಕೈಯಲ್ಲಿರುವುದು ಥಿಯೋಬೆನ್ ಅಥವಾ .177ರ ಎಚ್‌ಡಬ್ಲ್ಯು 90 ಆಗಿದ್ದು ನಳಿಗೆ ಚೆನ್ನಾಗಿದ್ದರೆ ಮಾರಬೇಡಿ. ಸೀಲುಗಳ ಒಂದು ಪೂರ್ತಿ ಕಿಟ್, ಪಂಪ್, ಅಡಾಪ್ಟರ್ ತರಿಸಿ ಇಟ್ಟುಕೊಳ್ಳಿ. ಮೊಹರಾದ ಕೊಳವೆಯ ಹಳೆಯ ಕೋವಿ ಇದ್ದು, ಮಡಿಸುವ ಭಾರ ಇನ್ನೂ ಗಟ್ಟಿಯಿದ್ದರೆ, ಆ ಮಾಡೆಲ್‌ಗೆ ಬದಲಿ ರ್ಯಾಮ್ ಈಗಲೇ ಸಿಗುತ್ತದೆಯೇ ವಿಚಾರಿಸಿ. ಸಿಕ್ಕರೆ ಇವತ್ತೇ ಒಂದು ಕೊಂಡಿಡಿ, ಸಿಗದಿದ್ದರೆ ಅದು ನಡೆಯುವಷ್ಟು ದಿನ ನಡೆಸಿ, ಅದಕ್ಕೆ ಹೆಚ್ಚು ಬೆಲೆಯ ಸ್ಕೋಪ್ ಹಾಕುವ ಖರ್ಚು ಬೇಡ. ಭಾರವೇ ಇಳಿದುಹೋಗಿ ಬದಲಿಯೂ ಸಿಗದಿದ್ದರೆ ಹೊಸದೇ ದಾರಿ. ಆಗ ಭಾರತದಲ್ಲೇ ತಯಾರಾಗುವ ಪ್ರೆಸಿಹೋಲ್‌ನಂಥ ಕಂಪನಿಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಬಿಡಿಭಾಗಕ್ಕೆ ಕಸ್ಟಮ್ಸ್ ದಾಟಬೇಕಾಗಿಲ್ಲ. ಯಾವುದನ್ನೇ ಕೊಂಡರೂ ಅಂಗಡಿಯಿಂದ ಬಂದ ವಾರದಲ್ಲೇ ಮಡಿಸುವ ಭಾರ ಮತ್ತು ಹತ್ತು ಹೊಡೆತದ ವೇಗ ಅಳೆದು, ದಿನಾಂಕ ಮತ್ತು ಅಂದಿನ ಉಷ್ಣತೆಯ ಜೊತೆ ಬಿಲ್ಲಿನ ಹಿಂಬದಿಯಲ್ಲಿ ಬರೆದಿಡಿ. ಐದು ವರ್ಷದ ಮೇಲೆ ಕೋವಿ ಸೋತಿತೇ ಎಂಬ ಅನುಮಾನ ಬಂದಾಗ ಹೋಲಿಸಲು ಬೇಕಾಗುವುದು ಆ ಸಂಖ್ಯೆಗಳೇ.